ತಾಕಲಿಲ್ಲ ಅಂದರೆ ಸಾಕಾ?

"ಪ್ರೊಟೆಸ್ಟ್!"

ಹುಡುಗಿ ಕೂಗಿದ್ದು ಅದೊಂದೇ ಮಾತು. ಜುಲೈ ತಿಂಗಳ ಮಧ್ಯಾಹ್ನ, ಹೈದರಾಬಾದಿನ ಹುಸೇನ್ ಸಾಗರದ ನಡುನೀರು. ಮೋಡ ಕವಿದಿತ್ತು. ನೆಕ್ಲೆಸ್ ರೋಡ್ ಕಡೆಯಿಂದ ಪಡುಗಾಳಿ ಚೆನ್ನಾಗಿ ಬೀಸುತ್ತಿತ್ತು. ನಾನು ಆಗಷ್ಟೇ ಅವಳ ದೋಣಿಯ ಮುಂದೆ ಅಡ್ಡ ದಾಟಿದ್ದೆ. ತಿರುಗಿ ನೋಡಿದರೆ ಅವಳ ದೋಣಿಯ ಮೂತಿ ನನ್ನ ಚುಕ್ಕಾಣಿಯ ಹಿಂದೆಯೇ ನೀರು ಸೀಳಿಕೊಂಡು ಹೋಯಿತು. ತಾಕಲಿಲ್ಲ. ಅವಳ ಕೂಗು ಸ್ಪಷ್ಟವಾಗಿಯೇ ಕೇಳಿಸಿತು. ಆದರೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದದ್ದು ಇಷ್ಟೇ: ತಾಕಲಿಲ್ಲವಲ್ಲ, ಮತ್ತೇನು ತಪ್ಪು?

ಅದಕ್ಕೆ ಉತ್ತರ ಸಿಕ್ಕಿದ್ದು ಅದೇ ದಿನ ಸಂಜೆ, ಕೆರೆದಂಡೆಯ ಒಂದು ಸಣ್ಣ ಕೋಣೆಯಲ್ಲಿ, ವಿಚಾರಣೆಯ ಮೇಜಿನ ಮುಂದೆ. ಹಾಯಿದೋಣಿ ರೇಸಿನಲ್ಲಿ "ಪ್ರೊಟೆಸ್ಟ್" ಅಂದರೆ ನೀವು ನಿಯಮ ಮುರಿದಿರಿ ಅನ್ನುವ ದೂರು. ಆ ದೂರಿನ ಮೇಲೆ ಇಂಥ ವಿಚಾರಣೆ ಹೇಗೆ ನಡೆಯುತ್ತದೆ ಅಂತ ನಮ್ಮಲ್ಲಿ ಬರೆದವರು ಕಡಿಮೆ. ನಾನು ಅದರೊಳಗೆ ಕೂತು ಬಂದವನು, ಹಾಗಾಗಿ ಬರೆಯುತ್ತಿದ್ದೇನೆ.

ನಾನು ಕುಮಟಾ ಕಡೆಯವನು. ಅಘನಾಶಿನಿಯ ತಾರಿಯಲ್ಲಿ ಆಚೆ ದಡ ಈಚೆ ದಡ ಓಡಾಡಿ ಬೆಳೆದವನು. ದೋಣಿ ನನಗೆ ಹೊಸದಲ್ಲ. ಆದರೆ ಹಾಯಿ ಹಿಡಿದು ಗಾಳಿಯ ಜೊತೆ ಹೋಗೋದು ಕಲಿತದ್ದು ಕೆಲಸಕ್ಕೆ ಅಂತ ಹೈದರಾಬಾದಿಗೆ ಬಂದ ಮೇಲೆ, 38ನೇ ವಯಸ್ಸಿನಲ್ಲಿ. ಹುಸೇನ್ ಸಾಗರದಲ್ಲಿ ಮಳೆಗಾಲ ಅಂದರೆ ರೇಸಿನ ಕಾಲ. ಗಾಳಿ ಇರುತ್ತದೆ, ಕೆರೆ ತುಂಬಿರುತ್ತದೆ. ನಡುವೆ ಬುದ್ಧನ ದೊಡ್ಡ ವಿಗ್ರಹ, ಮೂಡಣಕ್ಕೆ ಟ್ಯಾಂಕ್ ಬಂಡ್, ಪಡುವಣಕ್ಕೆ ನೆಕ್ಲೆಸ್ ರೋಡಿನ ಕಟ್ಟಡಗಳು. ಆ ಕಟ್ಟಡಗಳ ಸಂದಿಯಿಂದ ನುಗ್ಗಿ ಬರುವ ಗಾಳಿ ಒಂದೇ ದಿಕ್ಕಿನಲ್ಲಿ ನಿಲ್ಲೋದಿಲ್ಲ. ಹತ್ತು ಡಿಗ್ರಿ ಈ ಕಡೆ, ಮತ್ತೆ ಹತ್ತು ಡಿಗ್ರಿ ಆ ಕಡೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಓಡಿಸುವುದು ಐಎಲ್‌ಸಿಎ 6. ಹಿಂದೆ ಇದನ್ನು ಲೇಸರ್ ರೇಡಿಯಲ್ ಅನ್ನುತ್ತಿದ್ದರು. ಒಬ್ಬರೇ ಕೂರುವ ದೋಣಿ, ಒಂದೇ ಹಾಯಿ, ಉದ್ದ 4.2 ಮೀಟರ್ ಚಿಲ್ಲರೆ. ಚೆನ್ನೈನ ನೇತ್ರಾ ಕುಮನನ್ ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಓಡಿಸಿದ್ದು ಇದೇ ಬಗೆಯ ದೋಣಿ. ನಮ್ಮ ರೇಸಿನಲ್ಲಿ ಹುಡುಗರು, ಹುಡುಗಿಯರು, ನನ್ನಂಥ ನಲವತ್ತು ದಾಟಿದವರು, ಎಲ್ಲರೂ ಸೇರಿ 22 ದೋಣಿ ಇದ್ದವು.

ಇಷ್ಟು ದೋಣಿ ಒಂದೇ ಗುರಿ ಕಡೆ ಹೊರಟಾಗ ದಾರಿ ಯಾರದ್ದು? ನೀರಿನ ಮೇಲೆ ಗೆರೆ ಇಲ್ಲ, ಸಿಗ್ನಲ್ ಇಲ್ಲ, ಬ್ರೇಕಂತೂ ಇಲ್ಲವೇ ಇಲ್ಲ. ಇರುವುದು ಒಂದು ನಿಯಮ ಪುಸ್ತಕ. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಸೇಲಿಂಗ್ ನಾಲ್ಕು ವರ್ಷಕ್ಕೊಮ್ಮೆ ಅದನ್ನು ತಿದ್ದಿ ಹೊರತರುತ್ತದೆ. ಈಗ ನಡೆಯುತ್ತಿರುವುದು 2025–2028ರ ಆವೃತ್ತಿ. ಅದರಲ್ಲಿ ದಾರಿಯ ಹಕ್ಕಿನ ಮೂಲ ನಿಯಮಗಳು ಕೆಲವೇ ಸಾಲು. 10ನೇ ನಿಯಮ ಎಲ್ಲಕ್ಕಿಂತ ಮುಖ್ಯ. ಗಾಳಿ ದೋಣಿಯ ಬಲಬದಿಯಿಂದ ಬರುತ್ತಿದ್ದರೆ ಅದು ಸ್ಟಾರ್‌ಬೋರ್ಡ್ ಟ್ಯಾಕ್. ಎಡಬದಿಯಿಂದ ಬರುತ್ತಿದ್ದರೆ ಪೋರ್ಟ್ ಟ್ಯಾಕ್. ಎರಡು ದೋಣಿ ಬೇರೆ ಬೇರೆ ಟ್ಯಾಕಿನಲ್ಲಿ ಎದುರಾದರೆ ಪೋರ್ಟಿನವರು ದಾರಿ ಬಿಡಬೇಕು. ಇಬ್ಬರೂ ಒಂದೇ ಟ್ಯಾಕಿನಲ್ಲಿ ಅಕ್ಕಪಕ್ಕ ಇದ್ದರೆ ಗಾಳಿಗೆ ಹತ್ತಿರ ಇರುವವರು ದಾರಿ ಬಿಡಬೇಕು, ಅದು 11. ಒಬ್ಬರ ಹಿಂದೆ ಒಬ್ಬರಿದ್ದರೆ ಹಿಂದಿನವರು ಬಿಡಬೇಕು, ಅದು 12. ಟ್ಯಾಕ್ ಬದಲಿಸುತ್ತಾ, ಅಂದರೆ ಮೂತಿಯನ್ನು ಗಾಳಿಯ ಎದುರಿನಿಂದ ದಾಟಿಸಿ ಇನ್ನೊಂದು ಟ್ಯಾಕಿಗೆ ತಿರುಗುತ್ತಾ ಇರುವವರು ಉಳಿದವರಿಗೆಲ್ಲ ಬಿಡಬೇಕು, ಅದು 13. ಮಾರ್ಕ್, ಅಂದರೆ ದಾರಿ ಗುರುತಿಸಲು ನೀರಿನಲ್ಲಿ ತೇಲಿಬಿಟ್ಟ ಬುರುಡೆ, ಸುತ್ತುವಾಗಿನ ನಿಯಮ ಬೇರೆ. ಅದನ್ನು ಹೇಳಹೊರಟರೆ ಇನ್ನೊಂದು ಬರಹವೇ ಬೇಕು.

ನನ್ನ ಕಥೆ 10ನೇ ನಿಯಮದ್ದು. ಕಲಿಯುವ ಮಕ್ಕಳಿಗೆ ಮೊದಲ ವಾರವೇ ಹೇಳಿಕೊಡುವ ನಿಯಮ ಅದು. ನನಗೂ ಬಾಯಿಪಾಠ ಇತ್ತು.

ಅವತ್ತಿನ ಮೂರನೇ ರೇಸು. ಗುರಿ ಗಾಳಿ ಬರುವ ಕಡೆಗಿತ್ತು. ಹಾಯಿದೋಣಿ ಗಾಳಿಗೆ ನೇರ ಎದುರು ಹೋಗಲಾರದು, ಟ್ಯಾಕ್ ಬದಲಿಸುತ್ತಾ ಅಡ್ಡಡ್ಡ ಹೋಗಬೇಕು. ಶುರುವಾದ ಮೇಲೆ ನಾನು ಬುದ್ಧನ ವಿಗ್ರಹದ ಕಡೆ, ಅಂದರೆ ಎಡಗಡೆಗೆ ಹೋದೆ. ಅಲ್ಲಿ ಗಾಳಿ ಒಳ್ಳೆಯದು ಸಿಕ್ಕಿತು. ಟ್ಯಾಕ್ ಬದಲಿಸಿ ಪೋರ್ಟಿನಲ್ಲಿ ವಾಪಸ್ ಬರುವಾಗ ಏಳೆಂಟನೇ ಸ್ಥಾನದಲ್ಲಿದ್ದೆ. ಮೂರು ವರ್ಷದಲ್ಲಿ ನಾನು ಅಷ್ಟು ಮುಂದೆ ಇದ್ದದ್ದು ಅದೇ ಮೊದಲು. ಎದೆ ಹೊಡೆದುಕೊಳ್ಳುತ್ತಿತ್ತು.

ಪೋರ್ಟ್ ಟ್ಯಾಕಿನಲ್ಲಿ ಹೋಗುವಾಗ ನಾನು ಎಡ ಅಂಚಿನ ಮೇಲೆ ಕೂತು, ಕಾಲಿಗೆ ಪಟ್ಟಿ ಸಿಕ್ಕಿಸಿಕೊಂಡು ಹೊರಕ್ಕೆ ವಾಲಿರುತ್ತೇನೆ. ಹಾಯಿ ಬಲಕ್ಕೆ ಇರುತ್ತದೆ. ಎದುರಿನ ಸ್ಟಾರ್‌ಬೋರ್ಡ್ ದೋಣಿ ಬರುವುದೂ ಅದೇ ಬಲಗಡೆಯಿಂದ. ಅಂದರೆ ಯಾರಿಗೆ ದಾರಿ ಬಿಡಬೇಕೋ ಅವರೇ ನನ್ನ ಹಾಯಿಯ ಮರೆಯಲ್ಲಿ ಇರುತ್ತಾರೆ. ಬಗ್ಗಿ ಬೂಮಿನ, ಅಂದರೆ ಹಾಯಿಯ ಬುಡದ ಅಡ್ಡಕೋಲಿನ, ಕೆಳಗಿನಿಂದ ನೋಡುತ್ತಲೇ ಇರಬೇಕು. ನಾನು ನೋಡಿದೆ. ಆದರೆ ತಡವಾಗಿ. ನೋಡಿದಾಗ ಅವಳು ಆರು ದೋಣಿಯುದ್ದ ದೂರದಲ್ಲಿದ್ದಳು ಅಂತ ನನ್ನ ಅಂದಾಜು.

ಪೋರ್ಟಿನವನಿಗೆ ಆಗ ಇರುವುದು ಮೂರು ದಾರಿ. ಚುಕ್ಕಾಣಿ ಎಳೆದು ಅವಳ ಹಿಂಬದಿಯಿಂದ ಹೋಗುವುದು. ಟ್ಯಾಕ್ ಬದಲಿಸಿ ಅವಳ ಟ್ಯಾಕಿಗೇ ಬರುವುದು. ಇಲ್ಲಾ ಮುಂದಿನಿಂದ ದಾಟುವುದು. ಹಿಂಬದಿಯಿಂದ ಹೋದರೆ ಒಂದೆರಡು ದೋಣಿಯುದ್ದ ನಷ್ಟ. ಏಳನೇ ಸ್ಥಾನ ಕೈಬಿಡಲು ನನಗೆ ಮನಸ್ಸಿರಲಿಲ್ಲ. ದಾಟಬಹುದು ಅನಿಸಿತು. ಅವಳು "ಸ್ಟಾರ್‌ಬೋರ್ಡ್!" ಅಂತ ಕೂಗಿದಳು. ನಾನು ಹಗ್ಗ ಇನ್ನಷ್ಟು ಬಿಗಿ ಎಳೆದು ಮುಂದೆ ನುಗ್ಗಿದೆ. ಕೊನೆಯ ಗಳಿಗೆಯಲ್ಲಿ ಅವಳ ಬೂಮ್ ಸಡಿಲಾಗಿ ಹೊರಕ್ಕೆ ಹೋದದ್ದು, ದೋಣಿಯ ಮೂತಿ ನನ್ನ ಹಿಂಬದಿಗೆ ತಿರುಗಿದ್ದು ಕಣ್ಣಂಚಿನಲ್ಲಿ ಕಂಡಿತು. ಆಮೇಲೆ ಆ ಕೂಗು.

ಈ ಆಟದಲ್ಲಿ ಅಂಪೈರ್ ನೀರಿನ ಮೇಲೆ ಸೀಟಿ ಊದುತ್ತಾ ಓಡಾಡುವುದಿಲ್ಲ, ಕನಿಷ್ಠ ನಮ್ಮಂಥ ಸಾಮಾನ್ಯ ರೇಸುಗಳಲ್ಲಿ. ತಪ್ಪು ಮಾಡಿದವರೇ ತಪ್ಪನ್ನು ಗುರುತಿಸಿ, ಉಳಿದ ದೋಣಿಗಳಿಂದ ದೂರ ಸರಿದು, ಒಂದೇ ದಿಕ್ಕಿನಲ್ಲಿ ಎರಡು ಪೂರ್ತಿ ಸುತ್ತು ಹಾಕಬೇಕು. ಒಂದೊಂದು ಸುತ್ತಿಗೆ ಒಂದು ಟ್ಯಾಕ್, ಒಂದು ಜೈಬ್. ಜೈಬ್ ಅಂದರೆ ಮೂತಿಯ ಬದಲು ಹಿಂಬದಿಯನ್ನು ಗಾಳಿಗೆ ದಾಟಿಸಿ ತಿರುಗುವುದು. ನನ್ನ ಕೈಗೆ ಅದು ಅರ್ಧ ನಿಮಿಷದ ಕೆಲಸ. ತಕ್ಷಣ ಹಾಕಿಬಿಟ್ಟರೆ ಶಿಕ್ಷೆ ಅಲ್ಲಿಗೇ ಮುಗಿಯಿತು. ನಾನು ಹಾಕಲಿಲ್ಲ. ತಾಕಿಲ್ಲ, ಹಾಗಾಗಿ ತಪ್ಪಿಲ್ಲ ಅಂತ ನನ್ನ ಲೆಕ್ಕ. ಏಳನೆಯವನಾಗಿಯೇ ರೇಸು ಮುಗಿಸಿದೆ.

ದಡಕ್ಕೆ ಬಂದು ದೋಣಿಯನ್ನು ಟ್ರಾಲಿ ಮೇಲೆ ಹತ್ತಿಸುವಷ್ಟರಲ್ಲಿ ಅವಳು ಒದ್ದೆ ಬಟ್ಟೆಯಲ್ಲೇ ರೇಸ್ ಆಫೀಸಿಗೆ ನಡೆದುಹೋಗುವುದು ಕಂಡಿತು. ಕೊನೆಯ ದೋಣಿ ಮುಗಿಸಿದ ಒಂದು ತಾಸಿನೊಳಗೆ ಫಾರಂ ತುಂಬಿ ಕೊಡಬೇಕು ಅಂತ ನಮ್ಮ ರೇಸಿನ ಸೂಚನೆಗಳಲ್ಲಿ ಇತ್ತು. ಸ್ವಲ್ಪ ಹೊತ್ತಿಗೆ ನೋಟಿಸ್ ಬೋರ್ಡಿನಲ್ಲಿ ಚೀಟಿ ಬಿತ್ತು. ಮೂರನೇ ರೇಸು, ನಮ್ಮಿಬ್ಬರ ಹಾಯಿ ನಂಬರು, ಸಂಜೆ 5.30ಕ್ಕೆ ವಿಚಾರಣೆ. ನನ್ನ ನಂಬರನ್ನು ಅಂಥ ಬೋರ್ಡಿನಲ್ಲಿ ನೋಡಿದ್ದು ಮೊದಲ ಸಲ. ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು.

ನನಗೆ ದೋಣಿ ಕಲಿಸಿದವರು ಸೇನೆಯಿಂದ ನಿವೃತ್ತರಾದ ಒಬ್ಬ ಸುಬೇದಾರರು. ಅವರನ್ನು ಎಲ್ಲರೂ ಸಾಬ್ ಅಂತಲೇ ಕರೆಯುತ್ತಾರೆ. ಒಂದು ಲೋಟ ಚಹಾ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ನನ್ನ ವಾದವನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: "ನೋಡಿ ಸರ್, ಒಳಗೆ ಹೋದ ಮೇಲೆ ಕಣ್ಣಿಗೆ ಕಂಡದ್ದು ಹೇಳಿ. ಮನಸ್ಸಿಗೆ ಅನಿಸಿದ್ದು ಬೇರೆ. ಎರಡನ್ನೂ ಬೆರೆಸಬೇಡಿ. ಎಷ್ಟು ದೂರ, ಯಾವ ಕೋನ, ಯಾರು ಯಾವಾಗ ತಿರುಗಿದರು, ಅಷ್ಟೇ. ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ."

ಕೋಣೆಯಲ್ಲಿ ಒಂದು ಪ್ಲಾಸ್ಟಿಕ್ ಮೇಜು, ಜೋರಾಗಿ ತಿರುಗುವ ಫ್ಯಾನು. ಪ್ರೊಟೆಸ್ಟ್ ಕಮಿಟಿಯಲ್ಲಿ ಮೂವರು. ಅಧ್ಯಕ್ಷರು ನೌಕಾಪಡೆಯಲ್ಲಿ ಇದ್ದು ಬಂದ ಮೇಡಂ. ಮೇಜಿನ ಮೇಲೆ ಬೆರಳುದ್ದದ ಎರಡು ಆಟಿಕೆ ದೋಣಿ, ಒಂದು ಕೆಂಪು, ಒಂದು ಹಸಿರು. ಗಾಳಿಯ ದಿಕ್ಕಿಗೆ ಕಾಗದದಲ್ಲಿ ಕತ್ತರಿಸಿದ ಬಾಣ. ಫ್ಯಾನಿಗೆ ಹಾರದಂತೆ ಅದರ ಮೇಲೊಂದು ಪೆನ್ನು.

ಮೊದಲು ನಮ್ಮಿಬ್ಬರನ್ನೂ ಕೇಳಿದರು, ಕಮಿಟಿಯಲ್ಲಿ ಯಾರ ಬಗ್ಗೆಯಾದರೂ ಆಕ್ಷೇಪ ಇದೆಯಾ ಅಂತ. ಒಬ್ಬರು ನನ್ನ ಕ್ಲಬ್ಬಿನವರು. ನಾವು ಹೇಳುವ ಮೊದಲೇ ಅವರೇ ಅದನ್ನು ಹೇಳಿದರು. ಹುಡುಗಿ ಯೋಚಿಸಿ, ಆಕ್ಷೇಪ ಇಲ್ಲ ಅಂದಳು. ಆಮೇಲೆ ಪ್ರೊಟೆಸ್ಟ್ ಸರಿಯಾಗಿ ಆಗಿದೆಯಾ ಅಂತ ನೋಡಿದರು. ಘಟನೆ ಆದ ತಕ್ಷಣ "ಪ್ರೊಟೆಸ್ಟ್" ಅಂತ ಕೂಗಬೇಕು, ಕೆಂಪು ಬಾವುಟ ತೋರಿಸಬೇಕು. ಆರು ಮೀಟರಿಗಿಂತ ಚಿಕ್ಕ ದೋಣಿಗೆ ಬಾವುಟ ಬೇಡ, ಕೂಗಿದರೆ ಸಾಕು. ಮೇಡಂ ನನ್ನ ಕಡೆ ತಿರುಗಿ, "ನಿಮಗೆ ಕೂಗು ಕೇಳಿಸಿತಾ?" ಅಂದರು. ಕೇಳಿಸಲಿಲ್ಲ ಅಂದಿದ್ದರೆ ಏನಾಗುತ್ತಿತ್ತೋ. ಕೇಳಿಸಿತ್ತು. ಕೇಳಿಸಿತು ಅಂತಲೇ ಹೇಳಿದೆ.

ಅವಳು ಹಸಿರು ದೋಣಿ ತೆಗೆದುಕೊಂಡಳು. ವಯಸ್ಸು ಹದಿನಾರು ಇರಬೇಕು. ಕೈ ಸ್ವಲ್ಪ ನಡುಗುತ್ತಿತ್ತು, ಮಾತು ನಡುಗುತ್ತಿರಲಿಲ್ಲ. "ನಾನು ಸ್ಟಾರ್‌ಬೋರ್ಡಿನಲ್ಲಿ ಹೋಗ್ತಾ ಇದ್ದೆ. ಅಂಕಲ್ ಪೋರ್ಟಿನಲ್ಲಿ ಬಂದರು. ಸ್ಟಾರ್‌ಬೋರ್ಡ್ ಅಂತ ಕೂಗಿದೆ. ಅವರು ತಿರುಗಲಿಲ್ಲ. ಒಂದೂವರೆ ದೋಣಿಯುದ್ದ ಇರುವಾಗ ನಾನು ಹಾಯಿ ಬಿಟ್ಟು, ಮೂತಿ ತಿರುಗಿಸಿ ಅವರ ಹಿಂದಿನಿಂದ ಹೋದೆ." ಅಷ್ಟೇ ಹೇಳಿ ಕೆಂಪು ದೋಣಿಯನ್ನೂ ಮೇಜಿನ ಮೇಲೆ ಇಟ್ಟಳು. ಅವಳು ಇಟ್ಟ ಜಾಗ ನನಗೂ ಸರಿಯೇ ಅನಿಸಿತು.

ನನ್ನ ಸರದಿ. ಸಾಬ್ ಹೇಳಿದ್ದು ನೆನಪಿದ್ದರೂ ನಾನು ವಾದಕ್ಕೇ ಇಳಿದೆ. ತಾಕಿಲ್ಲ ಅಂದೆ. ಅವಳು ತಿರುಗದೇ ಇದ್ದಿದ್ದರೂ ನಾನು ದಾಟುತ್ತಿದ್ದೆ ಅಂದೆ. ಆಮೇಲೆ ನಿಯಮ 16 ತೆಗೆದೆ. ದಾರಿಯ ಹಕ್ಕಿರುವ ದೋಣಿ ದಿಕ್ಕು ಬದಲಿಸಿದರೆ, ಇನ್ನೊಬ್ಬರಿಗೆ ದಾರಿ ಬಿಡಲು ಜಾಗ ಕೊಡಬೇಕು ಅಂತ ಅದರಲ್ಲಿದೆ. ದಿಕ್ಕು ಬದಲಿಸಿದ್ದು ಅವಳಲ್ವಾ? ಮೇಡಂ ಸಿಟ್ಟಾಗಲಿಲ್ಲ. "ಅವಳು ತಿರುಗಿದ್ದರಿಂದ ನಿಮಗೆ ದಾರಿ ಬಿಡೋದು ಕಷ್ಟ ಆಯಿತಾ, ಸುಲಭ ಆಯಿತಾ?" ಅಂತ ಮಾತ್ರ ಕೇಳಿದರು. ಸುಲಭವೇ ಆಗಿತ್ತು. ಅವಳು ತಿರುಗಿದ್ದು ನನ್ನಿಂದ ದೂರಕ್ಕೆ, ನನ್ನ ಮೇಲಕ್ಕಲ್ಲ.

ಸಾಕ್ಷಿಯಾಗಿ ಬಂದವನು ಅವಳ ಹಿಂದೆ ಇದ್ದ ಒಬ್ಬ ಹುಡುಗ. ಅಲ್ಲಿಯವರೆಗೆ ಅವನನ್ನು ಹೊರಗೇ ನಿಲ್ಲಿಸಿದ್ದರು, ನಮ್ಮ ಮಾತು ಅವನ ಕಿವಿಗೆ ಬೀಳಬಾರದು ಅಂತ. ಅವಳು ತಿರುಗಿದ್ದು ಕಂಡೆ, ಬೂಮ್ ಪೂರ್ತಿ ಹೊರಗೆ ಹೋದದ್ದು ಕಂಡೆ ಅಂದ. ತಿರುಗದಿದ್ದರೆ ಗುದ್ದುತ್ತಿತ್ತಾ ಅಂತ ನಾನೇ ಕೇಳಿದೆ, ಪ್ರಶ್ನೆ ಕೇಳುವ ಅವಕಾಶ ಇಬ್ಬರಿಗೂ ಇರುತ್ತದೆ. "ಹಿಂದಿನಿಂದ ನೋಡ್ತಿದ್ದೆ ಅಂಕಲ್, ಅದು ಗೊತ್ತಾಗಲ್ಲ" ಅಂದ. ಸ್ನೇಹಿತೆಯ ಪರ ಒಂದು ಮಾತು ಸುಮ್ನೆ ಸೇರಿಸಬಹುದಿತ್ತು. ಸೇರಿಸಲಿಲ್ಲ. ಅವನ ಬಗ್ಗೆ ನನಗೆ ಅವತ್ತೇ ಗೌರವ ಬಂತು.

ಆಮೇಲೆ ಮೇಡಂ ಆಟಿಕೆ ದೋಣಿಗಳನ್ನು ಮತ್ತೆ ಹಾಗೇ ಜೋಡಿಸಿದರು.

"ಅವಳು ತಿರುಗಲು ಶುರು ಮಾಡಿದಾಗ ನಿಮ್ಮ ದೋಣಿಯ ಮೂತಿ ಎಲ್ಲಿತ್ತು?"

"ಅವಳ ದಾರಿಯ ಗೆರೆ ಮುಟ್ಟಲು ಇನ್ನೂ ಅರ್ಧ ದೋಣಿಯುದ್ದ ಇತ್ತು ಮೇಡಂ."

"ಅವಳು ನಿಮ್ಮ ದಾರಿಯಿಂದ ಒಂದೂವರೆ ಉದ್ದ ದೂರ. ಅದನ್ನು ಒಪ್ಪುತ್ತೀರಾ?"

"ಹೌದು."

"ಇಬ್ಬರ ವೇಗದಲ್ಲಿ ವ್ಯತ್ಯಾಸ ಇತ್ತಾ?"

"ಇಲ್ಲ, ಹೆಚ್ಚು ಕಡಿಮೆ ಒಂದೇ."

ಅವರು ಕೆಂಪು ದೋಣಿಯನ್ನು ಒಂದು ಬೆರಳಲ್ಲಿ, ಹಸಿರು ದೋಣಿಯನ್ನು ಇನ್ನೊಂದು ಬೆರಳಲ್ಲಿ ಒಟ್ಟಿಗೆ ನಿಧಾನವಾಗಿ ತಳ್ಳಿದರು. ನನ್ನ ಹಿಂಬದಿ ಅವಳ ಗೆರೆಯನ್ನು ದಾಟಬೇಕಾದರೆ ಮೊದಲಿನ ಅರ್ಧ ಉದ್ದ, ಅದರ ಮೇಲೆ ನನ್ನ ದೋಣಿಯ ಪೂರ್ತಿ ಉದ್ದ. ಒಟ್ಟು ಒಂದೂವರೆ. ಅವಳು ನನ್ನ ಗೆರೆ ಮುಟ್ಟಲೂ ಬೇಕಿದ್ದದ್ದು ಒಂದೂವರೆ. ಮೇಜಿನ ಮೇಲೆ ಹಸಿರು ದೋಣಿಯ ಮೂತಿ ಕೆಂಪು ದೋಣಿಯ ಹಿಂತುದಿಗೆ ಸರಿಯಾಗಿ ಬಂದು ನಿಂತಿತು. ನಡುವೆ ಬೆಳಕು ಕಾಣಲಿಲ್ಲ.

ನನ್ನದೇ ಮಾತು, ನನ್ನದೇ ಅಳತೆ. ಆ ಗಾಳಿಗೆ ನಮ್ಮ ದೋಣಿ ಸೆಕೆಂಡಿಗೆ ಸುಮಾರು ಎರಡು ಮೀಟರ್ ಹೋಗುತ್ತದೆ. ಒಂದೂವರೆ ಉದ್ದ ಅಂದರೆ ಆರು ಮೀಟರ್ ಚಿಲ್ಲರೆ, ಮೂರು ಸೆಕೆಂಡು. ಆ ಮೂರು ಸೆಕೆಂಡಿನಲ್ಲಿ ಹುಸೇನ್ ಸಾಗರದ ಗಾಳಿ ಐದು ಡಿಗ್ರಿ ಆಚೀಚೆ ಆಗಿದ್ದರೆ? ನನಗೆ ಗಾಳಿ ಒಂದು ಗಳಿಗೆ ಕಡಿಮೆಯಾಗಿದ್ದರೆ? ಅವಳು ಕೂತಿದ್ದದ್ದು ಆ ಲೆಕ್ಕದ ಆಚೆ ತುದಿಯಲ್ಲಿ, ಮೂತಿಯಲ್ಲಿ ನನ್ನನ್ನು ಇಟ್ಟುಕೊಂಡು.

"ತಿರುಗದಿದ್ದರೂ ದಾಟುತ್ತಿದ್ದೆ ಅಂದಿರಿ. ಈಗಲೂ ಖಂಡಿತವಾಗಿ ಹೇಳ್ತೀರಾ?"

"ಇಲ್ಲ ಮೇಡಂ. ಖಂಡಿತವಾಗಿ ಹೇಳಲು ಆಗಲ್ಲ."

ನಮ್ಮನ್ನು ಹೊರಗೆ ಕಳಿಸಿದರು. ಕಮಿಟಿ ತನ್ನಷ್ಟಕ್ಕೆ ಚರ್ಚೆ ಮಾಡುವಾಗ ಯಾರೂ ಒಳಗಿರುವಂತಿಲ್ಲ. ಇಬ್ಬರೂ ದೋಣಿ ಇಳಿಸುವ ಇಳಿಜಾರಿನ ಹತ್ತಿರ ನಿಂತೆವು. ಟ್ಯಾಂಕ್ ಬಂಡ್ ಮೇಲೆ ದೀಪ ಹತ್ತುತ್ತಿದ್ದವು. ಏನು ಮಾತಾಡಬೇಕು ಅಂತ ನನಗೆ ತಿಳಿಯಲಿಲ್ಲ. ಅವಳೇ ಶುರು ಮಾಡಿದಳು.

"ಅಂಕಲ್, ನೀವು ಒಂದು ಮಾತು ಕೇಳಿದ್ದಿದ್ದರೆ ನಾನೇ 'ಕ್ರಾಸ್' ಅಂತಿದ್ದೆ."

ನನಗೆ ಅರ್ಥ ಆಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಅವಳಿಗೆ ಅವತ್ತು ಎಡಗಡೆಗೇ ಹೋಗಬೇಕಿತ್ತಂತೆ, ಒಳ್ಳೆಯ ಗಾಳಿ ಅಲ್ಲೇ ಇತ್ತು. ನಾನು ಅವಳ ಮುಂದೆಯೇ ಟ್ಯಾಕ್ ಬದಲಿಸಿದ್ದರೆ ನನ್ನ ಹಾಯಿ ಕೆಡಿಸಿದ ಗಾಳಿಯೇ ಅವಳ ಹಾಯಿಗೆ ಸಿಗುತ್ತಿತ್ತು. ಅದಕ್ಕಿಂತ ನನ್ನನ್ನು ದಾಟಲು ಬಿಟ್ಟು, ತಾನು ಒಂಚೂರು ಸರಿದು ತನ್ನ ದಾರಿ ಹಿಡಿಯುವುದೇ ಅವಳಿಗೆ ಲಾಭ. ಪೋರ್ಟಿನವರು ದೂರದಿಂದಲೇ "ಟ್ಯಾಕ್ ಮಾಡ್ಲಾ, ದಾಟ್ಲಾ?" ಅಂತ ಕೂಗಿ ಕೇಳುವುದು ವಾಡಿಕೆ. ಸ್ಟಾರ್‌ಬೋರ್ಡಿನವರು "ಕ್ರಾಸ್" ಅಂದರೆ ಧೈರ್ಯವಾಗಿ ದಾಟಬಹುದು. ಪುಸ್ತಕದಲ್ಲಿ ಕಡ್ಡಾಯ ಮಾಡಿದ ಮಾತಲ್ಲ ಇದು, ನೀರಿನ ಮೇಲಿನ ರೂಢಿ. "ಗೊತ್ತಿದ್ದರೆ ನಾನು ಮೊದಲೇ ಸ್ವಲ್ಪ ಸ್ವಲ್ಪ ತಿರುಗ್ತಿದ್ದೆ. ನೀವು ಏನು ಮಾಡ್ತೀರಿ ಅಂತಾನೇ ಗೊತ್ತಾಗಲಿಲ್ಲ. ಕೊನೆಗೆ ಹೆದರಿ ತಿರುಗಿದೆ. ಎರಡು ದೋಣಿ ನನ್ನ ಮುಂದೆ ಹೋದವು."

ಹೆದರಿ ಅಂದಳು. ಅಷ್ಟು ಹೊತ್ತು ನಾನು ಅಳತೆಯ ಲೆಕ್ಕ ಹಾಕುತ್ತಿದ್ದೆ. ಒಂದು ಮಗು ನನ್ನಿಂದ ಹೆದರಿತ್ತು ಅನ್ನೋದು ನನ್ನ ಲೆಕ್ಕದಲ್ಲಿ ಎಲ್ಲೂ ಬಂದಿರಲಿಲ್ಲ. "ತಪ್ಪಾಯಿತಮ್ಮ" ಅಂದೆ. ಅವಳು "ಪರವಾಗಿಲ್ಲ ಅಂಕಲ್" ಅಂದು ತನ್ನ ಟ್ರಾಲಿಯ ಚಕ್ರಕ್ಕೆ ಸಿಕ್ಕಿದ್ದ ಜೊಂಡು ಬಿಡಿಸತೊಡಗಿದಳು.

ಒಳಗೆ ಕರೆದು ಮೇಡಂ ಓದಿ ಹೇಳಿದರು. ಮೊದಲು ಕಮಿಟಿ ಕಂಡುಕೊಂಡ ಸಂಗತಿಗಳು. ಗಾಳಿ ಎಂಟರಿಂದ ಹತ್ತು ನಾಟ್. ಒಂದು ದೋಣಿ ಸ್ಟಾರ್‌ಬೋರ್ಡ್, ಇನ್ನೊಂದು ಪೋರ್ಟ್. ಒಂದೂವರೆ ಉದ್ದ ಇರುವಾಗ ಸ್ಟಾರ್‌ಬೋರ್ಡ್ ದೋಣಿ ದಿಕ್ಕು ಬದಲಿಸಿತು. ಬದಲಿಸದಿದ್ದರೆ ಪೋರ್ಟ್ ದೋಣಿ ದಾಟುತ್ತಿತ್ತು ಅನ್ನುವುದರ ಬಗ್ಗೆ ಸಹಜವಾದ ಅನುಮಾನ ಇದೆ. ದೋಣಿಗಳು ತಾಕಲಿಲ್ಲ. ಪೋರ್ಟ್ ದೋಣಿ ಶಿಕ್ಷೆಯ ಸುತ್ತು ಹಾಕಲಿಲ್ಲ. ಆಮೇಲೆ ತೀರ್ಮಾನ: ಪೋರ್ಟ್ ದೋಣಿ 10ನೇ ನಿಯಮ ಮುರಿದಿದೆ, ಆ ರೇಸಿನಿಂದ ಅನರ್ಹ. 22 ದೋಣಿಯ ಸರಣಿಯಲ್ಲಿ ಅನರ್ಹನಾದವನಿಗೆ 23 ಅಂಕ. ಈ ಆಟದಲ್ಲಿ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಏಳು ಅಂಕ ಬರಬೇಕಿದ್ದ ಕಡೆ 23 ಬಂತು.

ತೀರ್ಪು ಆದ ಮೇಲೆ ಅವರು ಪುಸ್ತಕ ತೆಗೆದು ನನಗೆ ಎರಡು ಜಾಗ ತೋರಿಸಿದರು. ಅವರಿಗೆ ಅದರ ಅಗತ್ಯ ಇರಲಿಲ್ಲ, ಆದರೂ ಕೂತು ಹೇಳಿದರು. ನಾನು ಇಷ್ಟುದ್ದ ಬರೆಯುತ್ತಿರುವುದೇ ಈ ಎರಡು ಜಾಗಕ್ಕಾಗಿ.

ಮೊದಲನೆಯದು, ದಾರಿ ಬಿಡುವುದು ಅಂದರೆ ಏನು ಅನ್ನುವ ವಿವರಣೆ. ತಾಕದೇ ಇರುವುದು ಅಂತ ಅಲ್ಲಿ ಬರೆದಿಲ್ಲ. ಹಕ್ಕಿರುವ ದೋಣಿ ತನ್ನ ದಾರಿಯಲ್ಲಿ ತಾನು ಹೋಗುವಂತಿರಬೇಕು, ತಪ್ಪಿಸಿಕೊಳ್ಳಲು ಏನೂ ಮಾಡುವ ಅಗತ್ಯ ಅದಕ್ಕೆ ಬರಬಾರದು. ಬಂದರೆ, ಇನ್ನೊಬ್ಬರು ದಾರಿ ಬಿಟ್ಟಿಲ್ಲ ಅಂತಲೇ ಅರ್ಥ. ಮತ್ತೆ 14ನೇ ನಿಯಮ ಬೇರೆ ಇದೆ. ಸಾಧ್ಯವಿದ್ದಷ್ಟೂ ಡಿಕ್ಕಿ ತಪ್ಪಿಸಬೇಕು ಅಂತ ಅದು ಎಲ್ಲರಿಗೂ ಹೇಳುತ್ತದೆ, ಹಕ್ಕಿರುವವರಿಗೂ. ಎದುರಿನವರು ದಾರಿ ಬಿಡುವುದಿಲ್ಲ ಅಂತ ಸ್ಪಷ್ಟವಾಗುವವರೆಗೆ ಹಕ್ಕಿರುವವರು ಕಾಯಬಹುದು, ಸ್ಪಷ್ಟವಾದ ಮೇಲೆ ತಪ್ಪಿಸಬೇಕು. ಅವಳು ಮಾಡಿದ್ದು ಅದನ್ನೇ. ಅಂದರೆ ತಾಕಲಿಲ್ಲ, ತಾಕಲಿಲ್ಲ ಅಂತ ನಾನು ಸಂಜೆಯಿಡೀ ಹೇಳಿದ್ದು ಅವಳ ಕೆಲಸವನ್ನು. ತಾಕದಂತೆ ನೋಡಿಕೊಂಡದ್ದು ಅವಳ ಚುಕ್ಕಾಣಿ, ನನ್ನದಲ್ಲ.

ಎರಡನೆಯದು ವರ್ಲ್ಡ್ ಸೇಲಿಂಗ್ ಹೊರತರುವ ಕೇಸ್ ಬುಕ್. ನಿಯಮಗಳನ್ನು ಹೇಗೆ ಓದಬೇಕು ಅಂತ ಹಳೆಯ ಪ್ರಕರಣಗಳ ಮೂಲಕ ತಿಳಿಸುವ ಸಂಗ್ರಹ ಅದು. ಅದರ 50ನೇ ಕೇಸ್ ನಮ್ಮಿಬ್ಬರ ಕಥೆಯೇ. ಸ್ಟಾರ್‌ಬೋರ್ಡ್ ದೋಣಿ ದಿಕ್ಕು ಬದಲಿಸಿದೆ, ಬದಲಿಸದಿದ್ದರೆ ಪೋರ್ಟ್ ದೋಣಿ ದಾಟುತ್ತಿತ್ತಾ ಅನ್ನುವುದು ಅನುಮಾನ ಅಂತಾದರೆ ಪೋರ್ಟ್ ದೋಣಿ ಅನರ್ಹ. ದಾಟುತ್ತೇನೆ ಅಂದುಕೊಂಡವನು ಬೇರೆಯವರ ದಾರಿಯ ಮೇಲೆ ಪಂದ್ಯ ಕಟ್ಟುತ್ತಿದ್ದಾನೆ, ಹಾಗಾಗಿ ಅನುಮಾನದ ಭಾರ ಅವನೇ ಹೊರಬೇಕು. ನನಗೆ ಇದು ತುಂಬಾ ನ್ಯಾಯ ಅನಿಸಿತು, ಸೋತ ದಿನವೂ ಅನಿಸಿತು.

ಅದೇ ಕೇಸಿನಲ್ಲಿ ಇನ್ನೊಂದು ಮಗ್ಗುಲೂ ಇದೆ. ಮೇಡಂ ಅದನ್ನೂ ಓದಿಸಿದರು. ಅವತ್ತು ನನ್ನ ತಲೆಗೆ ಅಷ್ಟಾಗಿ ಹೋಗಲಿಲ್ಲ.

ಹೋದದ್ದು ಸುಮಾರು ಎರಡು ತಿಂಗಳ ಮೇಲೆ. ಗಣೇಶ ವಿಸರ್ಜನೆ ಮುಗಿದು, ಕೆರೆ ಮತ್ತೆ ದೋಣಿಗೆ ತೆರೆದ ಮೇಲಿನ ಒಂದು ಭಾನುವಾರದ ರೇಸು. ಈ ಸಲ ಸ್ಟಾರ್‌ಬೋರ್ಡಿನಲ್ಲಿ ಇದ್ದದ್ದು ನಾನು. ನನ್ನ ವಯಸ್ಸಿನವರೇ ಒಬ್ಬರು ಪೋರ್ಟಿನಲ್ಲಿ ಬಂದರು. ನಾನು ಎರಡು ಸಲ "ಸ್ಟಾರ್‌ಬೋರ್ಡ್" ಅಂತ ಕೂಗಿದೆ. ಅವರು ಬಗ್ಗಿ ಬೂಮಿನ ಕೆಳಗಿನಿಂದ ನನ್ನನ್ನು ನೋಡಿದರು, ಹಾಗೇ ಮುಂದೆ ದಾಟಿದರು. ನಾನು "ಪ್ರೊಟೆಸ್ಟ್" ಅಂದೆ. ಫಾರಂ ತುಂಬಿದೆ. ಈಗ ನನಗೆ ನಿಯಮ ಗೊತ್ತಿತ್ತು, ಕೇಸ್ ನಂಬರೂ ಗೊತ್ತಿತ್ತು. ಫಾರಂನಲ್ಲಿ ಅದನ್ನೂ ಬರೆದೆ.

ಅದೇ ಕೋಣೆ, ಅದೇ ಫ್ಯಾನು. ಕಮಿಟಿಯಲ್ಲಿ ಈ ಸಲ ಬೇರೆಯವರು. ಹಸಿರು ದೋಣಿ ನನ್ನ ಕೈಗೆ ಬಂತು. ನಡೆದದ್ದು ಹೇಳಿದೆ. ಅಧ್ಯಕ್ಷರಾಗಿದ್ದವರು ಪೂರ್ತಿ ಕೇಳಿಸಿಕೊಂಡು, ಬರೆಯುವುದು ನಿಲ್ಲಿಸಿ ತಲೆ ಎತ್ತಿದರು.

"ನೀವು ದಿಕ್ಕು ಬದಲಿಸಿದಿರಾ?"

ನಾನು ನೆನಪು ಮಾಡಿಕೊಂಡೆ. ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿ, ಕೈಯಲ್ಲಿ ಹಿಡಿದ ಹಾಗೇ ಇತ್ತು. ಹಗ್ಗ ಬಿಟ್ಟಿರಲಿಲ್ಲ. ಹಾಯಿ ಅಲುಗಿರಲಿಲ್ಲ.

"ಇಲ್ಲ ಸರ್."

"ಗುದ್ದುತ್ತಾರೆ ಅಂತ ನಿಮಗೆ ನಿಜವಾಗಿ ಭಯ ಆಯಿತಾ?"

ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಹೌದು ಅನ್ನುವುದು ಸುಲಭ ಇತ್ತು. ನನ್ನ ಮನಸ್ಸಿನೊಳಗೆ ಏನಿತ್ತು ಅಂತ ಬೇರೆ ಯಾರೂ ನೋಡಿರಲಿಲ್ಲ. 50ನೇ ಕೇಸಿನ ಆ ಇನ್ನೊಂದು ಮಗ್ಗುಲು ಇದೇ. ಸ್ಟಾರ್‌ಬೋರ್ಡ್ ದೋಣಿ ದಿಕ್ಕು ಬದಲಿಸದೇ ಇದ್ದು, ಡಿಕ್ಕಿ ಆಗಬಹುದು ಅನ್ನುವ ನಿಜವಾದ, ಸಕಾರಣವಾದ ಆತಂಕವೂ ಇಲ್ಲದಿದ್ದರೆ ಪ್ರೊಟೆಸ್ಟ್ ವಜಾ ಮಾಡಬೇಕು. ಜುಲೈನಲ್ಲಿ ಆ ಹುಡುಗಿ "ಹೆದರಿ ತಿರುಗಿದೆ" ಅಂದದ್ದು ನೆನಪಾಯಿತು. ನನಗೆ ಅಂಥದ್ದೇನೂ ಆಗಿರಲಿಲ್ಲ.

"ಹತ್ತಿರ ಬಂದರು ಅಂತ ಕೋಪ ಬಂತು ಸರ್. ಗುದ್ದುತ್ತಾರೆ ಅಂತ ಅನಿಸಲಿಲ್ಲ. ಅವರು ನನ್ನನ್ನು ನೋಡಿಯೇ ದಾಟಿದರು. ಒಂದು ದೋಣಿಯುದ್ದ ಜಾಗ ಇತ್ತು."

ಅವರು ಅದನ್ನು ಹಾಗೇ ಬರೆದುಕೊಂಡರು. ಹೊರಗೆ ಕಾಯುವಾಗ ಆ ಪೋರ್ಟಿನ ದೋಣಿಯವರು ನೀರಿನ ಬಾಟಲಿ ಕೊಟ್ಟರು. ಐದು ನಿಮಿಷಕ್ಕೆ ಒಳಗೆ ಕರೆದರು. ಪ್ರೊಟೆಸ್ಟ್ ವಜಾ. ಅವರ ಸ್ಥಾನ ಅವರಿಗೇ ಉಳಿಯಿತು. ಕತ್ತಲಾಗುತ್ತಿತ್ತು, ಇಬ್ಬರ ದೋಣಿಯೂ ಇನ್ನೂ ಇಳಿಜಾರಿನಲ್ಲೇ ಇದ್ದವು. ಮೊದಲು ಅವರದನ್ನು, ಆಮೇಲೆ ನನ್ನದನ್ನು, ಸೇರಿಯೇ ಮೇಲಕ್ಕೆ ಎಳೆದೆವು.